ಮೂರು ಪೌಂಡು

ಪರಪ್ಪನಿಗೆ ಮೂರು ಪೌಂಡು ತೂಕ ಕಡಿಮೆ ಇತ್ತು. ಚೆಂಬೂರಿನ ಕಾರ್ಖಾನೆಯವರು ಕಾಯಂ ನೌಕರಿಗೆ ಕೇಳಿದ್ದು ನೂರೈದು. ಬೆಳಗ್ಗೆ ಸ್ಟೇಷನ್ನಿನ ತೂಕದ ಯಂತ್ರ ಉಗುಳಿದ ಚೀಟಿಯಲ್ಲಿದ್ದದ್ದು ನೂರೆರಡು. ಚೀಟಿಯ ಹಿಂಬದಿಯಲ್ಲಿ ಅವನು ಅದೃಷ್ಟವಂತನೆಂದು ಅಚ್ಚಾಗಿತ್ತು. ವೈದ್ಯಕೀಯ ಪರೀಕ್ಷೆ ಅಂದೇ ಮೂರು ಗಂಟೆಗೆ. ಮುಂದಿನ ತಿಂಗಳು ವಯಸ್ಸು ಇಪ್ಪತ್ತೈದು ತುಂಬಿದರೆ ಆ ಬಾಗಿಲು ಮತ್ತೆ ತೆರೆಯುವಂತಿರಲಿಲ್ಲ.

ಗೋರೆಗಾಂವಿನ ಚಾಳಿನಲ್ಲಿ ನಲ್ಲಿಯ ಸಾಲಿನಲ್ಲಿ ನಿಂತು ಚೀಟಿಯನ್ನು ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು. ಎದುರು ಖೋಲಿಯಲ್ಲಿ ವಾಸವಿದ್ದ ಮೈಸೂರಿನ ಗುಮಾಸ್ತ ಸತ್ಯಮೂರ್ತಿ ಶಕ್ತಿವರ್ಧಕ ಮಾಲ್ಟಿನ ಡಬ್ಬಿ ಹಿಡಿದು ಬಂದರು. ಡಬ್ಬಿಯ ಮೇಲೊಬ್ಬ ಪೈಲ್ವಾನ. ದಿನಕ್ಕೆರಡು ಚಮಚ ಕುಡಿದರೆ ತಿಂಗಳಿಗೆ ನಾಲ್ಕು ಪೌಂಡು ಖಂಡಿತವೆಂದು ಅವನ ಕಾಲಡಿ ಬರೆದಿತ್ತು.

"ನಿಮ್ಮ ಹತ್ರ ತಿಂಗಳಿಲ್ಲ, ಡಬ್ಬಿ ಇದೆ," ಎಂದರು ಸತ್ಯಮೂರ್ತಿ. "ಪೂರ್ತಿ ಕಲಸಿಬಿಡಿ ಪರಪ್ಪನೋರೆ."

ಎರಡು ಚೊಂಬು ಹಾಲಿನಲ್ಲಿ ಡಬ್ಬಿ ಖಾಲಿಯಾಯಿತು. ಅಷ್ಟರಲ್ಲಿ ಪಕ್ಕದ ಖೋಲಿಯ ಕಾಶವ್ವ ಅಂಟಿನ ಉಂಡೆಗಳ ತಾಟು ತಂದಳು. ಗೋಂದು, ಕೊಬ್ಬರಿ, ತುಪ್ಪ ಹಾಕಿ, ತುಂಬು ಬಸುರಿ ಮಗಳು ನೀಲಾವತಿಯ ಬಾಣಂತನಕ್ಕೆಂದು ಕಟ್ಟಿದ್ದವು.

"ಕಾಕು, ಇದು ಬಾಣಂತ್ಯಾರು ತಿನ್ನೂದು."

"ಹಡದಾಕಿ ನಡಾ ಗಟ್ಟಿ ಆಗ್ತೈತಿ, ನಿನ್ನ ಎಲುಬು ಆಗೂದಿಲ್ಲೇನು? ಬಾಯಿ ತಗಿ."

ಒಂಬತ್ತು ಉಂಡೆ ಒಳಗೆ ಹೋದವು. ನೀಲಾವತಿ ಬಾಗಿಲಲ್ಲಿ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಒಂದೊಂದನ್ನೂ ಎಣಿಸಿದಳು.

ಲೋಕಲ್ ರೈಲಿನಲ್ಲಿ ಪರಪ್ಪ ಹೊಟ್ಟೆಯನ್ನು ತುಂಬಿದ ಕೊಡದಂತೆ ಕಾಪಾಡಿಕೊಂಡು ನಿಂತ. ದಾರಿಯಲ್ಲಿ ಎಲ್ಲಿಯೂ ಮೂತ್ರಕ್ಕೆ ಹೋಗಲಿಲ್ಲ. ಬೆವರು ಕಂಡರೂ ಒರೆಸಿಕೊಳ್ಳಲಿಲ್ಲ, ಅದಕ್ಕೂ ತೂಕವಿದೆಯಲ್ಲ.

ಕಾರ್ಖಾನೆಯ ದವಾಖಾನೆಯಲ್ಲಿ ಕಾಂಪೌಂಡರ್ ದೂಜ ತಕ್ಕಡಿ ನೋಡಿ ನೂರಾಹನ್ನೊಂದು ಎಂದ. ಪರಪ್ಪ ನಂಬಲಾರದೆ ಚೀಟಿ ತೋರಿಸಿದ.

"ಆ ಮಿಶಿನ್ ಎಲ್ಲರಿಗೂ ಐದು ಪೌಂಡು ಕಡಿಮೆಯೇ ತೋರಿಸುವುದು ಮಾರಾಯ್ರೆ," ಎಂದ ದೂಜ. "ನೀವು ಹಸಿದು ಬಂದಿದ್ದರೂ ಪಾಸು."

ಪರಪ್ಪನಿಗೆ ಕುಣಿಯುವಷ್ಟು ಖುಷಿಯಾಯಿತು, ಕುಣಿಯಲು ಆಗಲಿಲ್ಲ. ಆಗ ಡಾಕ್ಟರು ಅವನ ಎದೆಗೆ ಟೇಪು ಸುತ್ತಿ ಉಸಿರೆಳೆಯಲು ಹೇಳಿದರು. ಎದೆ ಎರಡು ಇಂಚು ಹಿಗ್ಗಬೇಕಿತ್ತು. ಪಕ್ಕೆಲುಬಿನ ಕೆಳಗೆ ಮಾಲ್ಟು, ಮಾಲ್ಟಿನ ಮೇಲೆ ಉಂಡೆ. ಉಸಿರಿಗೆ ಇಳಿಯಲು ಜಾಗವಿರಲಿಲ್ಲ. ಮೂರು ಸಲ ಎಳೆದ. ಮೂರು ಸಲವೂ ಅರ್ಧ ಇಂಚು. ಊಟದ ಕಾರಣ ಹೇಳಲು ಬಾಯಿ ತೆರೆದ, ತೇಗು ಬಂತು. ಡಾಕ್ಟರು ಮುಖ ತಿರುಗಿಸಿ, ಶ್ವಾಸಕೋಶ ದುರ್ಬಲ ಎಂದು ಬರೆದು ಮುಂದಿನವನನ್ನು ಕರೆದರು.

ಒಟ್ಟು ಹೋದದ್ದು ಒಂದು ಡಬ್ಬಿ ಮಾಲ್ಟು, ಎರಡು ಚೊಂಬು ಹಾಲು, ಒಂಬತ್ತು ಉಂಡೆ, ಒಂದು ನೌಕರಿ.