ಗರಿಫಾಲಿಯಾ ಅಜ್ಜಿಗೆ ಕಹಿ ಸೊಪ್ಪು

ಒಂದು ಕಾಲದಲ್ಲಿ, ಅಂದರೆ ಹೋದ ಫೆಬ್ರವರಿಯಲ್ಲಿ, ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಕೂತ ಒಂದು ಹಳ್ಳಿಯಲ್ಲಿ ಒಂದು ಹೊಟ್ಟೆ ಇತ್ತು. ಹೊಟ್ಟೆ ಗರಿಫಾಲಿಯಾ ಅಜ್ಜಿಯದು. ಮದುವೆಯೊಂದರಲ್ಲಿ ತಿಂದ ಕುರಿಮಾಂಸ ಅದರೊಳಗೆ ಬಿಡಾರ ಹೂಡಿತ್ತು. ಮೂರು ದಿನದಿಂದ ಹೊಟ್ಟೆ ಗುಡುಗದೆ, ಕರಗದೆ, ಅಂಗಳದ ಎಣ್ಣೆ ಜಾಡಿಯ ಹಾಗೆ ಕೂತಿತ್ತು.

ಅಂಥ ಬೆಳಗ್ಗೆಯೇ ಪೊಲಿಡೋರೋಸ್ ಬಾಗಿಲು ತಟ್ಟಿದ. ಅವನು ಅಂಚೆ ಕಚೇರಿಯ ಗುಮಾಸ್ತ, ನಲವತ್ತೊಂದು ವರ್ಷ, ಪಿರೇಯಸ್ ಬಂದರಿನಲ್ಲಿ ಬೆಳೆದವನು. ಅಜ್ಜಿಯ ಮಗಳು ಫೋತಿನಿಯ ಮೇಲೆ ಅವನಿಗೆ ಮನಸ್ಸು. ಗಂಡ ತೀರಿಕೊಂಡ ಮೇಲೆ ಫೋತಿನಿ ಕೈಗೂಸಿನೊಂದಿಗೆ ತವರಿನಲ್ಲೇ ಇದ್ದಳು. ಅವಳಿಗೆ ಒಂದು ಹೂ ಕೊಡಲೂ ನಾಚಿಕೊಳ್ಳುವ ಪೊಲಿಡೋರೋಸ್ ವರ್ಷದಿಂದ ಕೂಸಿಗೆ ಉಣ್ಣೆ ಟೋಪಿ, ಮರದ ಕತ್ತೆ, ಬೆಳ್ಳಿ ಚಮಚ ತಂದುಕೊಡುತ್ತಿದ್ದ. ಇವತ್ತು ಹೇಗಾದರೂ ಮದುವೆಯ ಮಾತೆತ್ತಬೇಕೆಂದು ಗಡ್ಡ ಕೂಡ ಬೋಳಿಸಿಕೊಂಡು ಬಂದಿದ್ದ.

"ಅಮ್ಮಾ, ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು."

"ಹೊಟ್ಟೆ ಹಿಂಗಿರೋವಾಗ ನಂಗೆ ಕಿವೀನೂ ಕೇಳ್ಸಲ್ಲ ಮಗಾ," ಎಂದಳು ಅಜ್ಜಿ ಮಂಚದ ಮೇಲಿಂದ. "ಗುಡ್ಡದ ಕಹಿ ಸೊಪ್ಪು ಬೇಕು. ಅದನ್ನ ತಿಂದು, ಬೇಯಿಸಿದ ನೀರು ಕುಡಿದು, ಒಂದು ತೇಗು ಬರ್ಲಿ. ಆಮೇಲೆ ನಿನ್ನ ಮಾತು."

"ಮಧ್ಯಾಹ್ನದ ಗಂಟೆ ಹೊಡೆಯೋದ್ರೊಳಗೆ ತರ್ತೀನಿ. ತೇಗು ಬರ್ಸೋ ಜವಾಬ್ದಾರಿ ನಂದು."

ಮಾತು ಕೊಟ್ಟಾಯಿತು. ಆದರೆ ಅವನಿಗೆ ಸೊಪ್ಪಿಗೂ ಹುಲ್ಲಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಚೀಲ, ಚಾಕು ಹಿಡಿದು ನೇರ ಕಾಫಿ ಅಂಗಡಿಗೆ ಹೋದ.

"ಸಿಫಿಸಣ್ಣಾ, ಕಹಿ ಸೊಪ್ಪು ಎಲ್ಲಿ ಸಿಗುತ್ತೆ?"

"ನೆಲದ ಮೇಲೆ," ಎಂದ ಅಂಗಡಿಯ ಸಿಫಿಸ್.

"ಯಾವ ಕಡೆ ನೆಲ?"

"ನೋಡು ತಮ್ಮಾ, ನಮ್ಮಪ್ಪ ಸಾಯೋವಾಗ ಬ್ಯಾಂಕಿನ ಪುಸ್ತಕ ಎಲ್ಲಿದೆ ಅಂತ ಹೇಳ್ದ. ಸೊಪ್ಪಿನ ಜಾಗ ಹೇಳ್ಲಿಲ್ಲ. ನೀನು ನನ್ನ ಕೇಳ್ತಿದೀಯ."

ಅಷ್ಟರಲ್ಲಿ ಅಜ್ಜಿಯ ನೆರೆಯವಳು ಕಟಿನಾ ಬುಟ್ಟಿ ಹಿಡಿದು ಗುಡ್ಡದ ಕಡೆ ಹೊರಟಿದ್ದು ಕಂಡಿತು. ಪೊಲಿಡೋರೋಸ್ ಮರದಿಂದ ಮರಕ್ಕೆ ಅಡಗುತ್ತ ಹಿಂಬಾಲಿಸಿದ. ಅವಳು ಒಂದು ಗುಡ್ಡ ಹತ್ತಿದಳು, ಇಳಿದಳು, ಇನ್ನೊಂದು ಹತ್ತಿದಳು. ಅಲ್ಲಲ್ಲಿ ಬಗ್ಗಿ ಏನನ್ನೋ ಕಿತ್ತಂತೆ ಮಾಡಿದಳು. ಅವಳು ಬಗ್ಗಿದಲ್ಲೆಲ್ಲ ಅವನೂ ಓಡಿಹೋಗಿ ಬಗ್ಗಿದ; ಬರೀ ಕಲ್ಲು. ಮೂರನೆಯ ಗುಡ್ಡದ ನೆತ್ತಿಯಲ್ಲಿ ಕಟಿನಾ ಕೂತು, ಬುಟ್ಟಿಯಿಂದ ರೊಟ್ಟಿ ತೆಗೆದಳು.

"ಬಾರಪ್ಪಾ, ಸುಸ್ತಾಗಿದೀಯ, ಒಂದು ತುಂಡು ತಿನ್ನು," ಎಂದು ತಿರುಗದೆಯೇ ಕರೆದಳು. "ಇವತ್ತು ನಾನು ಸೊಪ್ಪಿಗೆ ಬಂದಿಲ್ಲ. ಕಾಲಾಡ್ಸೋಣ ಅಂತ ಬಂದೆ."

ನಾಚಿಕೆಯಿಂದ ಅಡ್ಡದಾರಿ ಹಿಡಿದವನು ಮುಳ್ಳುಪೊದೆಗೆ ಬಿದ್ದ. ಪ್ಯಾಂಟು ಮಂಡಿಯಿಂದ ಕೆಳಗೆ ಎರಡು ಬಾವುಟವಾಯಿತು. ಎದ್ದು ನೋಡಿದರೆ ಅವನ ಚೀಲವನ್ನು ಒಂದು ಮೇಕೆ ಶ್ರದ್ಧೆಯಿಂದ ಅಗಿಯುತ್ತಿತ್ತು. ಬೇರೆ ದಾರಿಯಿಲ್ಲದೆ ಅಂಗಿ ಬಿಚ್ಚಿ ಅದನ್ನೇ ಚೀಲ ಮಾಡಿಕೊಂಡು ಇಳಿಯತೊಡಗಿದ.

ಹಾಗೆ ಇಳಿಯುವಾಗಲೇ ಪಾಳುಬಿದ್ದ ಎಣ್ಣೆ ಗಾಣದ ಹಿಂದೆ ಅದು ಕಂಡಿತು. ತುಕ್ಕು ಹಿಡಿದ ಕಬ್ಬಿಣದ ಮಂಚದ ಚೌಕಟ್ಟೊಂದನ್ನು ಯಾರೋ ಗೇಟಿನ ಹಾಗೆ ಅಡ್ಡ ಇಟ್ಟಿದ್ದರು. ಅದರಾಚೆ ನೆಲಕ್ಕೆ ಅಂಟಿಕೊಂಡ ಹಸುರು ಎಲೆಯ ಚಕ್ರಗಳು, ಹಾಸಿದಂತೆ. ಒಂದೆಲೆ ಕಚ್ಚಿದ. ನಾಲಿಗೆ ಗಂಟಲೊಳಗೆ ಓಡಿಹೋಯಿತು. ಕಣ್ಣಲ್ಲಿ ನೀರು ಬಂತು, ಅರ್ಧ ಕಹಿಗೆ, ಅರ್ಧ ಸಂತೋಷಕ್ಕೆ. ಮಂಚವನ್ನು ಆಚೆ ಎಸೆದು, ಒಂದೆಲೆ ಬಿಡದೆ ಬೇರುಸಹಿತ ಕಿತ್ತ.

ಗಂಟೆ ಹೊಡೆಯುವ ಹೊತ್ತಿಗೆ ಬನಿಯನ್ನಿನಲ್ಲಿ ಊರೊಳಗೆ ಬಂದ. ಅವನ ಹಿಂದೆ ಕಟಿನಾ, ಸಿಫಿಸ್, ಇನ್ನೊಂದಷ್ಟು ಜನ ಅಜ್ಜಿಯ ಅಡುಗೆಮನೆ ತುಂಬಿದರು. ಫೋತಿನಿ ಸೊಪ್ಪು ಬೇಯಿಸಿ, ಎಣ್ಣೆ ಸುರಿದು ತಟ್ಟೆ ಇಟ್ಟಳು. ಬೇಯಿಸಿದ ಹಸುರು ನೀರನ್ನು ಲೋಟಕ್ಕೆ ಬಗ್ಗಿಸಿ ನಿಂಬೆ ಹಿಂಡಿದಳು. ಅಜ್ಜಿ ಒಂದು ತುತ್ತು ಬಾಯಿಗಿಟ್ಟಳು. ಮೂರು ಸಲ ಅಗಿದಳು. ನಿಲ್ಲಿಸಿದಳು.

ಪೊಲಿಡೋರೋಸನ ಕಿವಿ ಹಿಡಿದೆಳೆದು ಪಿಸುಗುಟ್ಟಿದಳು: "ಗಾಣದ ಹಿಂದೆ."

"ಹೌ... ಹೌದಮ್ಮಾ."

"ನಮ್ಮಜ್ಜಿ ತೋರ್ಸಿದ ಜಾಗ. ಫೋತಿನಿಗೂ ಹೇಳಿಲ್ಲ. ಬೇರಾದ್ರೂ ಉಳಿಸಿ ಬಂದಿದೀಯಾ?"

ಅವನು ನೆಲ ನೋಡಿದ. ಅಜ್ಜಿ ಇನ್ನೊಂದು ತುತ್ತು ತಿಂದಳು, ಇನ್ನೊಂದು. ತಟ್ಟೆ ಖಾಲಿಯಾಯಿತು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು:

"ನೀನು ಏನು ಕೇಳೋಕೆ ಬಂದೆ ಅಂತ ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಒಂದು ವರ್ಷದಿಂದ ಊರೇ ನೋಡ್ತಿದೆ. ಇವತ್ತಿನ ಮೇಲೆ ನೀನು ಹೊರಗಿನವನಾಗಿರೋ ಹಾಗೇ ಇಲ್ಲ. ಒಪ್ಪಿದೆ."

ಪೊಲಿಡೋರೋಸ್ ಮಂಡಿಯೂರಿ ಅವಳ ಕೈಗೆ ಮುತ್ತಿಟ್ಟ. "ನೀವು ಹೇಳಿದ ದಿನ ನಾನು ತಯಾರು ಅಮ್ಮಾ. ದೇವರಾಣೆ."

"ಹಂಗಾದ್ರೆ ಈ ಭಾನುವಾರಾನೇ. ಕೂಸಿಗೆ ಹದಿನಾಲ್ಕು ತಿಂಗಳಾಯ್ತು, ಇನ್ನೂ ಹೆಸರಿಟ್ಟಿಲ್ಲ. ಚರ್ಚಲ್ಲಿ ನೀನೇ ಎತ್ಕೊಂಡು ಜ್ಞಾನಸ್ನಾನ ಮಾಡ್ಸಿ ಹೆಸರಿಡು. ಅಷ್ಟೊಂದು ತಂದುಕೊಟ್ಟವನು, ಧರ್ಮತಂದೆ ನೀನಲ್ದೆ ಇನ್ಯಾರು?"

"ಒಳ್ಳೇದಾಯ್ತು ಬಿಡಿ," ಎಂದಳು ಕಟಿನಾ, ಕಣ್ಣೊರೆಸಿಕೊಳ್ಳುತ್ತ. "ಮಗುವಿನ ಧರ್ಮತಂದೆ ಅಂದ್ರೆ ತಾಯಿಗೆ ಒಡಹುಟ್ಟಿದ ಅಣ್ಣ. ಪಾಪ, ಫೋತಿನಿಗೆ ಅಣ್ಣ ಅನ್ನೋರೇ ಇರ್ಲಿಲ್ಲ."

ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿಕೋ ಎಂದಾಗ ಒಲ್ಲೆ ಎಂದವನು ಆ ದ್ವೀಪದಲ್ಲಿ ಈವರೆಗೆ ಹುಟ್ಟಿಲ್ಲ. ಧರ್ಮತಂದೆಯಾಗಿ ಮಗುವಿನ ತಾಯಿಯನ್ನು ಮದುವೆಯಾದವನೂ ಹುಟ್ಟಿಲ್ಲ. ಅದಕ್ಕೆ ಸರಿಯಾಗಿ ದೇವರಾಣೆ ಬೇರೆ ಆಗಿತ್ತು. ಫೋತಿನಿ ಪೊಲಿಡೋರೋಸನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಇನ್ನೊಂದು ಲೋಟ ಬಗ್ಗಿಸಿ ಅವನ ಮುಂದೆ ಹಿಡಿದಳು.

"ನಿಂಬೆ ಹಿಂಡ್ಲಾ ಅಣ್ಣಾ?"

"ಬೇಡ," ಎಂದ ಅವನು, ಗಟಗಟನೆ ಕುಡಿದ.

ಅಜ್ಜಿಯೂ ತನ್ನ ಲೋಟ ಖಾಲಿ ಮಾಡಿ ಗೋಡೆಗೆ ಒರಗಿದಳು. ಒಳಗೆಲ್ಲೋ ಏನೋ ಸರಿಯಿತು, ಹೊರಳಿತು. ಆಮೇಲೆ, ಮೂರು ದಿನದಿಂದ ಬಾರದಿದ್ದ, ಕಿಟಕಿಯ ಗಾಜು ನಡುಗುವಂಥ ತೇಗೊಂದು ಬಂತು.