ತಾವರೆ ತೊಟ್ಟಿಗಾಗಿ ತಂಗಿಯ ವಿಳಾಸ

ರಕ್ತಪರೀಕ್ಷೆ ಮಾಡುವ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: "ಅಡ್ರೆಸ್ ಹೇಳಿ." ನಾನು ನನ್ನದನ್ನು ಹೇಳಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಿಜ, ಆದರೆ ಸ್ವಂತ ಮನೆಯ ವಿಳಾಸ ಗೊತ್ತಿಲ್ಲದಷ್ಟು ದಡ್ಡನಲ್ಲ. ನನ್ನ ದಡ್ಡತನ ಬೇರೆ ಕಡೆ ಇತ್ತು.

ಹೇಳಬೇಕೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಕೆ, "ಡೆಂಗಿ ಅಂತ ಬಂದ್ರೆ ನಾವು ಆರೋಗ್ಯ ಇಲಾಖೆಗೆ ತಿಳಿಸ್ಲೇಬೇಕು ಅಂಕಲ್, ಕಾನೂನು. ಅವ್ರು ಮನೆಗೇ ಬಂದು ನಿಂತ ನೀರೆಲ್ಲ ಚೆಲ್ಲಿಸ್ತಾರೆ" ಎಂದಳು.

ನಿಂತ ನೀರು! ಯಲಹಂಕದ ನಮ್ಮ ಮನೆಯ ತಾರಸಿ ಮೇಲೆ ಇರುವುದೆಲ್ಲ ನಿಂತ ನೀರೇ. ತೊಟ್ಟಿಗಳಲ್ಲಿ ತಾವರೆ ಬೆಳೆದು ಮಾರುವುದು ನನ್ನ ಕಸುಬು. ವರಮಹಾಲಕ್ಷ್ಮಿ ಹಬ್ಬ ಅದೇ ವಾರ. ಹೆಂಗಸರೆಲ್ಲ ಒಂದು ತಾವರೆಗಾಗಿ ಮಾರ್ಕೆಟ್ಟು ಜಾಲಾಡುವ ಹೊತ್ತಿನಲ್ಲಿ ಸರ್ಕಾರದವರು ಬಂದು ನನ್ನ ತೊಟ್ಟಿ ಬೋರಲು ಹಾಕಿದರೆ? ಡೆಂಗಿಯನ್ನಾದರೂ ತಡೆದುಕೊಂಡೇನು, ಅದನ್ನು ತಡೆಯಲಾರೆ.

ಆಗ ಜ್ವರದ ತಲೆಯಲ್ಲಿ ಬೆಳಕು ಹತ್ತಿತು. ತಂಗಿ ಸರೋಜ! ತಣಿಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಹೊಸ ಫ್ಲ್ಯಾಟು. ಅವಳ ಮನೆಯಲ್ಲಿ ಲೋಟದಲ್ಲೂ ನೀರು ನಿಲ್ಲುವುದಿಲ್ಲ. ಕುಡಿದು ಮುಗಿಸುವ ಮೊದಲೇ ಕಿತ್ತುಕೊಂಡು ತೊಳೆದಿಡುತ್ತಾಳೆ. ಇಲಾಖೆಯವರು ಬರಲಿ, ನೋಡಲಿ, ಹೊಗಳಿ ಹೋಗಲಿ. ಯಾರಿಗೇನು ನಷ್ಟ? ಅವಳ ವಿಳಾಸ ಹೇಳಿದೆ. ಪಿನ್‌ಕೋಡ್ ಸಮೇತ!

ಡೆಂಗಿಯೇ ಎಂದು ಖಾತ್ರಿಯಾಯಿತು. ಜ್ವರವೇನೋ ಇಳಿಯಿತು. ಆದರೆ ತಂಗಿಗೆ ವಿಷಯ ಹೇಳುವುದು ಮಾತ್ರ ನಾಳೆ ನಾಳೆ ಎಂದು ಮುಂದಕ್ಕೆ ಹೋಯಿತು. ಹಬ್ಬದ ದಿನವಂತೂ ಸರ್ಕಾರದವರು ಬರುವುದಿಲ್ಲವೆಂಬ ಧೈರ್ಯ. ವ್ಯಾಪಾರವೆಲ್ಲ ಮುಗಿಸಿ, ಸಂಜೆಯ ಆರತಿಗೆಂದು ತೆಗೆದಿಟ್ಟಿದ್ದ ತಾವರೆಗಳನ್ನು ಬಕೆಟ್ಟಿನಲ್ಲಿ ಮುಳುಗಿಸಿಕೊಂಡು ಅವಳ ಮನೆಗೆ ಹೋದೆ. ಬಾಡಬಾರದೆಂದು ತೊಟ್ಟಿಯ ನೀರನ್ನೇ ತುಂಬಿದ್ದೆ.

ಹೊಸ ಮನೆಯ ಮೊದಲ ಹಬ್ಬ. ಪಕ್ಕದ ಫ್ಲ್ಯಾಟುಗಳ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಸೊಸೆ ಹಬ್ಬ ಹೇಗೆ ಮಾಡುತ್ತಾಳೋ ನೋಡಲೆಂದೇ ಸೋಲದೇವನಹಳ್ಳಿಯಿಂದ ಬಂದ ಅತ್ತೆ ಸೋಫಾದಲ್ಲಿ ಕೂತಿದ್ದರು. ಬೆಳಗಿನಿಂದ ಗಂಟಿಕ್ಕಿದ್ದ ಅವರ ಮುಖ ಆಗಷ್ಟೇ ಸಡಿಲವಾಗಿತ್ತು. ಸರೋಜಳಿಗೆ ಅದೇ ದೇವಿ ಪ್ರತ್ಯಕ್ಷವಾದಷ್ಟು ಸಂತೋಷ.

ಬಾಗಿಲ ಬೆಲ್ ಆಯಿತು. ಟಾರ್ಚು ಹಿಡಿದ ಮೇಡಂ, ಅವರ ಹಿಂದೆ ಹೊಗೆ ಯಂತ್ರ ಹೊತ್ತ ಒಬ್ಬಾತ.

"ಡೆಂಗಿ ಬಂದಿರೋ ಮುನಿರಾಜು ಮನೆ ಇದೇ ಅಲ್ವಾ?"

ಹೆಂಗಸರು ತಾಂಬೂಲ ಅಲ್ಲೇ ಬಿಟ್ಟು ಲಿಫ್ಟಿನತ್ತ ಓಡಿದರು. ಒಬ್ಬರು ಮೆಟ್ಟಿಲಲ್ಲೇ ಇಳಿದರು. ಲಿಫ್ಟಿನಲ್ಲಿ ಸೊಳ್ಳೆ ಇದ್ದರೆ!

"ಮುನಿರಾಜು ನಮ್ಮಣ್ಣ. ಅವನಿಗೇನೂ ಆಗಿಲ್ವಲ್ಲ ಮೇಡಂ?" ಸರೋಜ ನನ್ನತ್ತ ತಿರುಗಿದಳು. "ಅಣ್ಣಾ?"

ನಾನು ದೇವಿಯ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದೆ. ಅಷ್ಟು ಭಕ್ತಿ ನನಗೆ ಹಿಂದೆಂದೂ ಬಂದಿರಲಿಲ್ಲ.

ಮೇಡಂ ಬಚ್ಚಲು, ಬಾಲ್ಕನಿ ಎಲ್ಲ ನೋಡಿದರು. ಎಲ್ಲ ಒಣ! "ನೀಟಾಗಿ ಇಟ್ಕೊಂಡಿದ್ದೀರಮ್ಮ" ಎಂದರು. ನಾನು ಹೇಳಲಿಲ್ಲವೇ? ನಿರಾಳವಾಗಿ ಉಸಿರು ಬಿಟ್ಟೆ. ಅಷ್ಟರಲ್ಲಿ ಟಾರ್ಚು ನನ್ನ ಬಕೆಟ್ಟಿನೊಳಗೆ ಇಣುಕಿತು.

ತಾವರೆಗಳ ಸುತ್ತ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಅವಕ್ಕೂ ಹಬ್ಬ!

"ಲಾರ್ವಾ ಇದೆ. ದಂಡ ಹಾಕ್ಬೇಕು. ಮನೆ ಯಜಮಾನಿ ಹೆಸರು ಹೇಳಿ."

ಅತ್ತೆ ಎದ್ದು ನಿಂತರು. "ಇಂಗೇನವ್ವಾ ಹಬ್ಬ ಮಾಡೋದು? ಲಕ್ಷ್ಮಿ ಪಕ್ಕದಾಗೆ ಸೊಳ್ಳೆ ಸಾಕ್ಕೊಂಡಿದ್ದೀಯಾ? ನಾನು ಊರಿಗೆ ಹೊಂಟೆ."

ಚಿಕ್ಕಂದಿನಿಂದ ನನ್ನನ್ನು ಬೈದೇ ಬೆಳೆದ ಸರೋಜ ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಮೇಡಂ, ನನ್ನ ಹೆಸರು ಬರ್ಕೊಳ್ಳಿ. ಯಲಹಂಕದಲ್ಲಿದೆ ಮನೆ. ತಾರಸಿ ತುಂಬ ತೊಟ್ಟಿ, ತೊಟ್ಟಿ ತುಂಬ ಇವೇ. ನಾಳೆ ಬಂದು ಎಲ್ಲ ಬೋರಲು ಹಾಕಿ."

ಮಹಾತ್ಯಾಗ ಮಾಡಿದವನಂತೆ ಎದೆಯುಬ್ಬಿಸಿದೆ. ತಾವರೆಯೆಲ್ಲ ಅಂದು ಬೆಳಿಗ್ಗೆಯೇ ಮಾರಾಟವಾಗಿತ್ತು ಎನ್ನುವುದು ಬೇರೆ ಮಾತು!

ಬಾಗಿಲವರೆಗೆ ಹೋಗಿದ್ದ ಅತ್ತೆಗೂ ಕೇಳುವಷ್ಟು ಜೋರಾಗಿ, ತಂಗಿಯ ಮುಂದೆ ಕೈ ಮುಗಿದು ಹೇಳಿದೆ: "ತಪ್ಪಾಯ್ತು ಕಣಮ್ಮಾ. ಜ್ವರ ನಂದು, ಸೊಳ್ಳೇನೂ ನಂದೇ. ಅಡ್ರೆಸ್ ಒಂದು ಮಾತ್ರ ನಿಂದು."