ಅತ್ತೆಯ ಚಹಾಕ್ಕೆ ಮೀನಿನ ಸಾಕ್ಷಿ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಬೆಳಗಾವಿಯ ಖಾಸಬಾಗದಲ್ಲಿ ವಾಸವಾಗಿರುವ ನನ್ನ ಸೋದರಮಾವ ನೋಡಲು ಸಂಪೂರ್ಣ ಸ್ವಸ್ಥರು. ದಯವಿಟ್ಟು ನಂಬಬೇಡಿ! ನಿತ್ಯ ಇಷ್ಟಲಿಂಗ ಪೂಜೆ ನಡೆಯುವ, ಮೊಟ್ಟೆಯ ಹೆಸರನ್ನೂ ಮೆಲ್ಲಗೆ ಹೇಳುವ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟು ಹಳ್ಳದ ಮೀನು ಸಾಕಿದವರನ್ನು ಏನೆಂದು ಕರೆಯಬೇಕು?

ಪ್ರಕರಣದ ಹಿನ್ನೆಲೆ ಹೀಗಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಬಹುಕಾಲದಿಂದ ಚಹಾಕ್ಕೆ ಸಕ್ಕರೆಯ ಬದಲು ಸಿಹಿಗುಳಿಗೆ ಹಾಕಿಕೊಳ್ಳುತ್ತಿದ್ದರು. ಕಳೆದ ವರ್ಷ ಅವರ ಬಲಗೈ ಮೇಲೆ ಬಿಳಿ ಮಚ್ಚೆಯೊಂದು ಮೂಡಿತು. ವಡಗಾವಿಯ ಬೀಗಿತ್ತಿಯೊಬ್ಬರು, "ಆ ಗುಳಿಗಿನ ನಿಮ್ಮ ಬಣ್ಣಾ ತಿನ್ನಾಕತ್ತೇತಿ ನೋಡ್ರಿ" ಎಂದು ತೀರ್ಪಿತ್ತರು. ಸಂಬಂಧವಿಲ್ಲವೆಂದು ವೈದ್ಯರು ಹೇಳಿದ್ದನ್ನು ಪರಿಗಣಿಸದೆ ಅತ್ತೆ ಗುಳಿಗೆ ತ್ಯಜಿಸಿ ಸಕ್ಕರೆ ಚಹಾ ಆರಂಭಿಸಿದರು. ಕಾಲು ಜೋಮು ಹಿಡಿಯತೊಡಗಿತು. ಹೀಗೇ ಮುಂದುವರಿದರೆ ಕಣ್ಣಿಗೂ ಅಪಾಯವೆಂದು ವೈದ್ಯರು ಎಚ್ಚರಿಸಿದರು. ಮಚ್ಚೆ ಕಾಣದಂತೆ ಬಲಗೈ ಸೆರಗಿನಡಿ ಸೇರಿತು. ಬಂದವರಿಗೆ ಬಡಿಸುವುದನ್ನೂ ಅತ್ತೆ ಬಿಟ್ಟರು.

ಸಾಮಾನ್ಯ ಗಂಡ ಗದರುತ್ತಾನೆ, ಇಲ್ಲವೆ ಬೇಡಿಕೊಳ್ಳುತ್ತಾನೆ. ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಮಾವ ಸೂಕ್ಷ್ಮದರ್ಶಕ ತಂದರು!

"ಬಣ್ಣ ಹೆಂಗ ಹೋಗತೈತಿ, ಹೆಂಗ ಬರತೈತಿ, ಆಕಿ ತನ್ನ ಕಣ್ಣಿಲೆ ನೋಡಲಿ."

"ಅದಕ್ಕ ಮೀನ ಯಾಕ್ರಿ ಮಾಮಾ?"

"ಮನಷ್ಯಾರ ಚರ್ಮಾ ಕಿತ್ತರ ಒದರತಾರ. ನೀ ಕೊಡ್ತಿ ಏನ?"

ನಾನು ಕೂಡಲೇ ಮೀನಿಗೆ ಸಮ್ಮತಿ ಸೂಚಿಸಿದೆ.

ಸದರಿ ಮೀನು ಖಾನಾಪುರದಾಚೆಯ ಗುಂಜಿಯ ಹಳ್ಳದ್ದೇ ಆಗಬೇಕೆಂಬುದು ಮಾವನ ಹಟ. ಅಲ್ಲಿ ಮೀನು ಮಾರುವಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಜೀವಂತ ಬೇಕಂತೀರಿ, ತಿನ್ನಾಂಗಿಲ್ಲಂತೀರಿ! ಖರೇ ಹೇಳ್ರಿ ಸಾಹೇಬ್ರ, ಮನ್ಯಾಗ ಬಾಯಿಸಾಹೇಬ್ರಿಗೆ ಗೊತ್ತಾಗದಂಗ ತಿಂತೀರಿ, ಹೌದಲ್ಲ?"

"ನನಗ ಬರೇ ಅದರ ಮೈಮ್ಯಾಲಿನ ಒಂದ ಹುರುಪಿ ಸಾಕವ್ವಾ."

"ಒಂದ ಹುರುಪಿಲೆ ಸಾರ ಆಗತದೇನ್ರಿ!"

ಇದು ಸಾಲದೆಂಬಂತೆ ಅತ್ತೆಯ ಷರತ್ತು ಬೇರೆ. "ನಮ್ಮ ಮನಿಗೆ ಬಂದದ್ದು ಉಂಡ ಹೋಗಬೇಕು. ತನ್ನ ಊರಿಗೇ ಹೋಗಿ ಮುಟ್ಟಬೇಕು." ಆದಕಾರಣ ಒಂದು ಹುರುಪೆ ಕೊಟ್ಟ ಪ್ರತಿ ಮೀನೂ ಜೋಳದ ರೊಟ್ಟಿಯ ಚೂರು ತಿಂದು, ಭಾನುವಾರ ರೈಲಿನಲ್ಲಿ ಗುಂಜಿಗೆ ಮರಳುತ್ತಿತ್ತು. ಕ್ಯಾನು ಹೊರುವವನು ನಾನು.

"ಕಿಲೋಕ್ಕ ಎಷ್ಟ್ರಿ?" ಎಂದು ಸಹಪ್ರಯಾಣಿಕರು ವಿಚಾರಿಸುತ್ತಿದ್ದರು.

"ಮಾರಾಕಲ್ರಿ," ಮಾವ ಗಂಭೀರವಾಗಿ ಉತ್ತರಿಸುತ್ತಿದ್ದರು, "ಊರಿಗೆ ಹೊಂಟಾವ."

ಇಡೀ ಬೋಗಿ ನನ್ನ ಕಡೆ ನೋಡುತ್ತಿತ್ತು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಪ್ರಯೋಗವೇನೋ ಸುಂದರವಾಗಿತ್ತೆಂದು ಒಪ್ಪಿಕೊಳ್ಳಲೇಬೇಕು. ಉಪ್ಪುನೀರಿನಲ್ಲಿಟ್ಟ ಹುರುಪೆಯಲ್ಲಿ ವರ್ಣಕೋಶಗಳು ಕಪ್ಪು ಮರಗಳಂತೆ ಕೊಂಬೆ ಚಾಚಿರುತ್ತಿದ್ದವು. ಮೇಲೆ ಒಂದು ಹನಿ ಅಡ್ರಿನಲಿನ್ ಬಿದ್ದರೆ ಬಣ್ಣವೆಲ್ಲ ಒಳಗೆ ಸರಿದು, ಮರಗಳು ಸಾಸಿವೆಯಾಗುತ್ತಿದ್ದವು. ನಮಗೆ ಸಿಟ್ಟು ಬಂದಾಗ ಮೈಯಲ್ಲಿ ಹರಿಯುವ ಹಾರ್ಮೋನು ಇದೇ. ಮಾವ ಅದನ್ನು ಹಳೆಯ ಶಿಷ್ಯನೊಬ್ಬನಿಂದ ತರಿಸಿದ್ದರು. ಅನಗತ್ಯ! ಅವರ ಜೊತೆ ಒಂದು ವಾರ ಕಳೆದವರ ಮೈಯಲ್ಲಿ ಬೇಕಾದಷ್ಟು ಲಭ್ಯವಿತ್ತು.

ನನ್ನ ಆಕ್ಷೇಪಣೆ ಇನ್ನೊಂದಿತ್ತು. ಗುಳಿಗೆ ನೀರು ಹನಿಯೊಂದು ಸಾಕಾಗುವ ಪ್ರಯೋಗಕ್ಕೆ ಸಿಹಿಗುಳಿಗೆ ಡಬ್ಬಿಗಟ್ಟಲೆ ಖಾಲಿಯಾಗುತ್ತಿತ್ತು. ಕೇಳಿದರೆ, "ವಿಜ್ಞಾನಕ್ಕ ಖರ್ಚ ಇರತೈತಲೇ" ಎಂಬ ಉತ್ತರ. ಜೊತೆಗೆ ಮಾವನ ಹೊಸ ಚಟಗಳು: "ನನ್ನ ಸಕ್ಕರಿ ನಾನ ಹಾಕ್ಕೋತೀನಿ" ಎಂದು ಚಹಾದ ಕಪ್ಪು ಹಿಡಿದು ಮೂಲೆ ಸೇರುವುದು, ಬೆಳಿಗ್ಗೆ ಕಿಟಕಿಯ ಬಳಿ ನಿಂತು ಎರಡೂ ಕೈಗಳನ್ನು ತಿರುವಿ ತಿರುವಿ ನೋಡಿಕೊಳ್ಳುವುದು. ಈ ವಯಸ್ಸಿನಲ್ಲಿ ಹಸ್ತರೇಖೆಯ ಹುಚ್ಚೇ?

ಅಂತಿಮವಾಗಿ ಕಳೆದ ಭಾನುವಾರ ಅತ್ತೆಯನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಲಾಯಿತು. ಮಾವ ಗುಳಿಗೆ ಕರಗಿಸಿದ ನೀರನ್ನು ಹುರುಪೆಯ ಮೇಲೆ ಬಿಟ್ಟರು. ಏನು ಹೇಳಲಿ! ಕಪ್ಪು ಕೊಂಬೆಗಳು ಮೆಲ್ಲಗೆ ಕುಗ್ಗತೊಡಗಿದವು.

"ನೋಡ್ರಿ! ನಾ ಹೇಳಿದ್ದ ಖರೇ ಆತಲ್ಲ!" ಅತ್ತೆ ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು.

ಗುಳಿಗೆ ನೀರೆಂದು ಹೇಳಿ ಬರಿಯ ಉಪ್ಪುನೀರು ಬಿಟ್ಟು ಕಾರ್ಯ ಸಾಧಿಸಬಹುದಿತ್ತಲ್ಲ! ಮಾವ ಹಾಗೆ ಮಾಡುವವರಲ್ಲ. "ಹೌದು, ಕುಗ್ಗಿದ್ವು" ಎಂದರು. ಉಪ್ಪುನೀರಿನಿಂದ ತೊಳೆದರು, ಕೊಂಬೆಗಳು ಮತ್ತೆ ಚಾಚಿದವು. "ಮೀನಿನ ಬಣ್ಣ ಹಿಂಗ ಹೋಗಿ ಹಿಂಗ ಬರತೈತಿ. ನಮ್ಮ ಚರ್ಮದ ಕತಿ ಬ್ಯಾರೆ. ನಿನ್ನ ಕೈ ಬಗ್ಗೆ ಮೀನ ಏನೂ ಹೇಳಂಗಿಲ್ಲ."

ಏನೂ ಹೇಳುವುದಿಲ್ಲವೇ! ಇಷ್ಟು ಭಾನುವಾರಗಳ ರೈಲು ಪ್ರಯಾಣದ ಫಲಿತಾಂಶ ಇದೇ? ಬಾಯಿಗೆ ಬಂದ ಮಾತನ್ನು ತಡೆಯಲು ಎದುರಿಗಿದ್ದ ಚಹಾದ ಕಪ್ಪನ್ನೆತ್ತಿ ಗುಟುಕರಿಸಿದೆ. ಅದು ಮಾವನ ಕಪ್ಪು. ಮೂರು ಚಮಚ ಸಕ್ಕರೆಯಿಲ್ಲದೆ ಚಹಾ ಮುಟ್ಟದ ಮಾವನ ಕಪ್ಪು! ಸಿಹಿಯ ಬೆನ್ನಿಗೇ ನಾಲಿಗೆಯ ಹಿಂಬದಿಗೆ ಸಿಹಿಗುಳಿಗೆ ಬಿಡುವ ಕಹಿ ಅಂಟಿಕೊಂಡಿತು.

"ಇದರಾಗ ಗುಳಿಗಿ ಐತ್ರಿ!"

ಅತ್ತೆ ನಿಧಾನವಾಗಿ ಮಾವನ ಕಡೆ ತಿರುಗಿದರು. "ನಿಮಗ ಸಕ್ಕರಿ ಬ್ಯಾನಿ ಇಲ್ಲಲ್ರಿ. ಯಾವಾಗಿಂದ ಇದು?"

ಮಾವ ತೊಟ್ಟಿಯ ಮೀನನ್ನೇ ನೋಡುತ್ತ ಹೇಳಿದರು: "ನೀ ಬಿಟ್ಟಾಗಿಂದ. ನಿನಗಿಂತ ಒಂದ ಹೆಚ್ಚ ಹಾಕ್ಕೋತೀನಿ. ನೋಡ, ಕೈಮ್ಯಾಲ ಇನ್ನೂ ಏನೂ ಬಂದಿಲ್ಲ."

"ಬಂದಿದ್ರ?"

"ಬಂದಿದ್ರ ಇಬ್ಬರೂ ಒಂದ ಬಣ್ಣ ಆಗತಿದ್ವಿ."

ಅತ್ತೆ ಮಾವನ ಕೈಗಳನ್ನು ಬೆಳಕಿಗೆ ಹಿಡಿದು, ತಿರುವಿ ತಿರುವಿ ಬಹಳ ಹೊತ್ತು ನೋಡಿದರು. ಹಾಗೆ ಹಿಡಿದಾಗ ಅವರ ಬಲಗೈ ಸೆರಗಿನ ಹೊರಗಿತ್ತು. ಆಮೇಲೆ ಆ ಕೈಯನ್ನೇ ನನ್ನತ್ತ ಚಾಚಿದರು.

"ತಮ್ಮಾ, ಆ ಗುಳಿಗಿ ಡಬ್ಬಿ ಈ ಕಡೆ ಕೊಡು."